ಹನ್ನೆರಡನೆಯ ಹೊದಿಕೆ

ಬೆಳಗಿನ ಐದೂವರೆ. ಪ್ರಯೋಗಾಲಯದ ಹಿಂಬದಿಯ ಈ ಕೋಣೆಯಲ್ಲಿ ಫ್ಯಾನು ಹಾಕುವಂತಿಲ್ಲ, ಜೋರಾಗಿ ಉಸಿರೂ ಬಿಡುವಂತಿಲ್ಲ. ಎಲ್ಲರ ಬಾಯಲ್ಲಿ ‘ಹಾಳೆಯಣ್ಣ’ ಆಗಿರುವ ಐವತ್ತೇಳರ ಮನುಷ್ಯ ನೀರಿನ ತಟ್ಟೆಯ ಮೇಲೆ ಬಾಗಿ ನಿಂತಿದ್ದಾರೆ. ನೀರ ಮೇಲೆ ತೇಲುವ ಲೋಹದ ಹಾಳೆ ಕೂದಲಿಗಿಂತ ನೂರು ಪಟ್ಟು ತೆಳು. ಅದರಡಿಗೆ ಚೌಕಟ್ಟು ತೂರಿಸಿ, ಹಾಲಿನ ಕೆನೆ ತೆಗೆದ ಹಾಗೆ ಮೆಲ್ಲಗೆ ಎತ್ತುತ್ತಾರೆ.

ಪಕ್ಕದ ದೊಡ್ಡ ಕೋಣೆಯ ಲೇಸರ್ ಈ ಹಾಳೆಗೆ ಬಡಿಯುತ್ತದೆ. ಹಾಳೆಯ ಬೆನ್ನಿನಿಂದ ಎಲೆಕ್ಟ್ರಾನುಗಳು ಚಿಮ್ಮಿ, ತಮ್ಮ ಹಿಂದೆ ಪ್ರೋಟಾನುಗಳನ್ನು ಸೆಳೆದೊಯ್ಯುತ್ತವೆ. ಹಾಳೆ ದಪ್ಪವಾದರೆ ಆ ಪ್ರೋಟಾನು ಕಿರಣ ಸೊರಗುತ್ತದೆ. ಚೌಕಟ್ಟಿಗೆ ಹನ್ನೆರಡು ಕಿಂಡಿ, ಅಷ್ಟನ್ನೂ ಮುಚ್ಚಲು ಒಂದೇ ಹಾಳೆ; ದಿನಕ್ಕೆ ಹನ್ನೊಂದು ಚೌಕಟ್ಟು. ಒಂದೊಂದು ಹೊಡೆತಕ್ಕೆ ಒಂದೊಂದು ಕಿಂಡಿಯ ಹಾಳೆ ಭಸ್ಮ.

“ಇಪ್ಪತ್ತೆರಡು ವರ್ಷ ದುಡಿದು ತೋರಿಸೋಕೆ ಏನಿದೆ ರೀ ಅಂತಾಳೆ ಮನೆಯವಳು. ತೂತು ಇದೆ ಕಣೇ ಅಂತೀನಿ,” ಎಂದು ವರದಿಗೆ ಬಂದ ನನ್ನೆದುರು ನಗುತ್ತಾರೆ.

ಇವತ್ತು ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಮೂರು ವಾರದ ಹಿಂದೆ ಒಂದು ಚೌಕಟ್ಟಿನ ಹನ್ನೆರಡು ಹೊಡೆತವೂ ಸೊರಗಿದವು. ಲೇಸರಿನ ಗುರಿ ಹಿಡಿಯುತ್ತಿದ್ದ ಸಂಶೋಧಕಿಯದೇ ತಪ್ಪೆಂದು ಹಿರಿಯ ವಿಜ್ಞಾನಿ ಆಕೆಯನ್ನು ಕುರ್ಚಿಯಿಂದ ಎಬ್ಬಿಸಿದರು. ಮರುದಿನ ಕಸದ ಬುಟ್ಟಿ ಬರಿದು ಮಾಡುವಾಗ ಹಾಳೆಯಣ್ಣನ ಕೈ ನಿಂತುಹೋಯಿತು. ಪ್ರತಿ ಹಾಳೆಗೂ ಒಂದು ಕಾಗದದ ಹೊದಿಕೆ. ಹನ್ನೊಂದು ಇರಬೇಕಾದಲ್ಲಿ ಹನ್ನೆರಡು ಬಿದ್ದಿದ್ದವು. ಹಿಂದಿನ ದಿನ ನೀರಲ್ಲಿ ಒಂದು ಹಾಳೆ ಇದ್ದದ್ದು ಕಾಣದೆ ತಾವೇ ಅದರ ಮೇಲೇ ಇನ್ನೊಂದನ್ನು ಬಿಟ್ಟು, ಎರಡನ್ನೂ ಒಟ್ಟಿಗೆ ಎತ್ತಿದ್ದರು.

“ಹೇಳಿಬಿಡೋಣ ಅಂತಲೇ ಹೊರಟೆ. ಕುರ್ಚಿ ಕಳ್ಕೊಂಡ ಆ ಮಗು ಎದುರಿಗೇ ಬಂತು. ‘ಅಣ್ಣಾ, ನೀವು ಉಸಿರು ಬಿಗಿಹಿಡಿದು ಮಾಡಿದ್ದನ್ನ ದಂಡ ಮಾಡಿಬಿಟ್ಟೆ, ಬೇಜಾರು ಮಾಡ್ಕೋಬೇಡಿ’ ಅಂತು. ನಾನು ‘ಇರ್ಲಿ ಬಿಡಮ್ಮ’ ಅಂದೆ ಸ್ವಾಮಿ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೋನ ಥರ! ಆಮೇಲೆ ಅನ್ನದ ತಟ್ಟೆ ಮುಂದೆ ಕೂತರೂ ಅದೇ ಮಾತು ಕಿವಿಯಲ್ಲಿ.”

ಇವತ್ತು ಒಂಬತ್ತಕ್ಕೆ ಆ ಕುರ್ಚಿ ಕಾಯಂ ಆಗಿ ಬೇರೆಯವರ ಪಾಲಾಗಲಿದೆ. ಎಂಟಕ್ಕೇ ಹಾಳೆಯಣ್ಣ ಹಿರಿಯ ವಿಜ್ಞಾನಿಯ ಬಾಗಿಲಲ್ಲಿ ನಿಂತು ನಡೆದದ್ದನ್ನು ಹೇಳುತ್ತಾರೆ.

“ಮೂರು ವಾರ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?”

“ಹೌದು ಸಾರ್. ಕಣ್ಣು ಮಂಜಾಗಿದೆ. ಗೊತ್ತಾದ್ರೆ ಕೆಲಸ ಹೋಗುತ್ತೆ ಅಂತ ಅದನ್ನೂ ಮುಚ್ಚಿಟ್ಟೆ.”

ಕರೆಸಿಕೊಂಡ ಸಂಶೋಧಕಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ. ಕುರ್ಚಿ ಅವಳಿಗೇ ಮರಳುತ್ತದೆ. ಹೊರಗೆ ಹೋಗುವಾಗ ‘ಅಣ್ಣ’ ಅನ್ನುವುದಿಲ್ಲ, ತಿರುಗಿಯೂ ನೋಡುವುದಿಲ್ಲ. ಹಾಳೆಯಣ್ಣ ತಲೆ ಎತ್ತುವುದಿಲ್ಲ.

ತಮ್ಮ ಕೋಣೆಗೆ ಮರಳಿದ ಮೇಲೆ, ಇನ್ನೇನು ಬೇಕೆಂದು ನಾನು ಕೇಳುತ್ತೇನೆ.

“ರಿಜಿಸ್ಟರಲ್ಲಿ ಆ ದಿನದ ತಪ್ಪಿಗೆ ಆ ಮಗು ಹೆಸರಿದೆ. ಅದನ್ನ ಹೊಡೆದುಹಾಕಿ ನನ್ನ ಹೆಸರು ಬರೀಬೇಕು. ಇಷ್ಟು ವರ್ಷದಲ್ಲಿ ಅದರಲ್ಲಿ ನನ್ನ ಹೆಸರು ಬರ್ತಿರೋದು ಇದೇ ಮೊದಲು, ಸ್ವಾಮಿ.”