ತಿಪ್ಪೆಗೆ ಸಿಮೆಂಟ್ ಹಾಕಿಸಿದ್ದು

ಮದರಾಸಿನ ಪೋರೂರು ಕೆರೆಯ ಅಂಚಿನಲ್ಲಿ ನಾನು ಸೊಪ್ಪು ಬೆಳೆಯುತ್ತಿದ್ದ ಜಾಗ ಸರ್ಕಾರದ್ದು. ವರ್ಷಕ್ಕೊಮ್ಮೆ ಅನುಮತಿ ಹೊಸದು ಮಾಡಿಸಿಕೊಳ್ಳಬೇಕು. ಬೆಳೆ ಇಡಬಹುದು, ಕಟ್ಟಡ ಕಟ್ಟಕೂಡದು. ನನ್ನ ಗಂಡ ಬದುಕಿದ್ದಾಗ ಈ ಷರತ್ತನ್ನು ನನಗೆ ಬಾಯಿಪಾಠ ಮಾಡಿಸಿದ್ದ. ಹಾಗಾಗಿ ಹಸುಗಳಿಗೂ ತೆಂಗಿನ ಗರಿಯ ಚಪ್ಪರ, ನಮಗೂ ಅದೇ ಚಪ್ಪರ. ಅವನು ಹೋದ ಮೇಲೆ ಎರಡು ಹಸು, ಹರಿವೆ, ಮೆಂತ್ಯ, ದಂಟಿನ ಮಡಿಗಳು, ಇಷ್ಟರಲ್ಲೇ ನನ್ನ ಊಟ ನಡೆಯಬೇಕಿತ್ತು.

ಗೊಬ್ಬರದ ವಿಷಯದಲ್ಲಿ ಸರ್ಕಾರದ ಮಾತು ಕೇಳಿ ಕೇಳಿ ನನಗೆ ಸಾಕಾಗಿತ್ತು. ಮೊದಲು ಬಂದವರು ಸಗಣಿ ಏನು ಮಹಾ, ಯೂರಿಯಾ ಹಾಕಿ ಎಂದರು. ಹಾಕಿದೆವು. ಸೊಪ್ಪು ಕಪ್ಪಗೆ ಎದ್ದಿತು, ಹುಳವೂ ಎದ್ದಿತು. ಆಮೇಲೆ ಬಂದವರು ಯೂರಿಯಾ ಕೆರೆಗೆ ಇಳಿಯುತ್ತದೆ, ಅದು ಊರು ಕುಡಿಯುವ ನೀರು, ಸಗಣಿಯೇ ಸರಿ ಎಂದರು. ಅದಕ್ಕೂ ಹೂಂ ಎಂದೆವು. ಎರಡು ಸಾವಿರ ಇಸವಿ ಕಳೆದ ಮೇಲೆ ಇನ್ನೊಬ್ಬರು ಬಂದು, ಮಳೆ ಬಂದರೆ ತಿಪ್ಪೆಯ ರಸವೂ ಕೆರೆಗೆ ಇಳಿಯುತ್ತದೆ ಎಂದರು.

ಆ ಇನ್ನೊಬ್ಬರು ಬಂದಾಗ ನಾನು ಹಸುವಿಗೆ ಬೈಯುತ್ತಿದ್ದೆ. ಕಾಲು ಎತ್ತೇ ಮುಂಡೆ, ಅಂತ. ಆತ ನಕ್ಕುಬಿಟ್ಟ.

"ಅಮ್ಮಾ, ನೀವು ಕನ್ನಡದವರಾ? ನಮ್ಮ ಮನೇಲೂ ಕನ್ನಡಾನೇ ಮಾ. ತಾತನ ಕಾಲದಿಂದ ಮದರಾಸು."

ಹೊಸೂರು ಕಡೆಯಿಂದ ಮದುವೆಯಾಗಿ ಬಂದವಳು ನಾನು. ಈ ಊರಿನಲ್ಲಿ ಪ್ಯಾಂಟು ಹಾಕಿದ ಒಬ್ಬ ಮನುಷ್ಯ ನನ್ನ ಭಾಷೆಯಲ್ಲಿ ನನ್ನ ತಿಪ್ಪೆಯ ಬಗ್ಗೆ ಮಾತಾಡಿದ್ದು ಅದೇ ಮೊದಲು. ಹಸುವಿನ ಹಾಲಿನಲ್ಲೇ ಕಾಫಿ ಮಾಡಿ ಕೊಟ್ಟೆ. ತಿಪ್ಪೆಯ ಕೆಳಗೆ ಸಿಮೆಂಟ್ ನೆಲ ಹಾಕಿಸಬೇಕು ಅಂದ.

"ಸಿಮೆಂಟ್ ಹಾಕಿದ್ರೆ ಕಟ್ಟಡ ಆಗಾಕಿಲ್ವಾ ಸಾರ್? ಜಾಗ ಕಿತ್ಕೋತಾರೆ."

"ನೆಲ ಹೇಗೆ ಮಾ ಕಟ್ಟಡ ಆಗುತ್ತೆ? ಗೋಡೆ ಇಲ್ಲ, ಮೇಲೆ ಏನೂ ಇಲ್ಲ. ನಾನಿದೀನಲ್ಲ, ಹಾಕ್ಸಿ."

ಅಷ್ಟು ಹೊತ್ತಿಗೆ ಹಿಂದಿನ ಕಾಲುವೆಗೆ ಒಂದು ಲಾರಿ ಬಂದು ಯಾರದೋ ಕಕ್ಕಸಿನ ಗುಂಡಿಯ ನೀರನ್ನು ಪೈಪಿನಲ್ಲಿ ಬಿಡುತ್ತಿತ್ತು. ದಿನವೂ ಬರುತ್ತಿತ್ತು. ನಾನು ಕೈ ತೋರಿಸಿದೆ. "ಅದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ ಮಾ, ನಾವು ಬೇಸಾಯದವರು" ಎಂದು ಮೂಗಿಗೆ ಕರ್ಚೀಫು ಹಿಡಿದುಕೊಂಡ.

ಕಡಸು ಒಂದಿತ್ತು, ಮಾರಿ ನೆಲ ಹಾಕಿಸಿದೆ. ಮುಂದಿನ ಸಲ ಬಂದವನು, ರಸ ಪಕ್ಕಕ್ಕೆ ಹರಿಯುತ್ತಿದೆ, ಸುತ್ತಲೂ ಮೊಣಕಾಲೆತ್ತರ ಇಟ್ಟಿಗೆ ಕಟ್ಟಿಸಿ ಎಂದ. ಕಟ್ಟಿಸಿದೆ. ಅದರ ಮುಂದಿನ ಸಲ, ಮಳೆ ನೀರು ತುಂಬಿ ಮೇಲಿಂದ ಉಕ್ಕುತ್ತದೆ, ಕಂಬ ನಿಲ್ಲಿಸಿ ಶೀಟು ಹೊದಿಸಿ ಎಂದ. ಹೊದಿಸಿದೆ. ಆ ಮಳೆಗಾಲ ನನ್ನ ಚಪ್ಪರ ಸೋರಿತು, ತಿಪ್ಪೆ ಸೋರಲಿಲ್ಲ.

ಪಕ್ಕದ ಮಡಿಗಳು ನನ್ನ ಓರಗಿತ್ತಿಯದು. ಅವಳು ಏನೂ ಕಟ್ಟಿಸಲಿಲ್ಲ. ಜೀಪಿನ ಸದ್ದು ಕೇಳಿದರೆ ತಿಪ್ಪೆಯ ಮೇಲೆ ಗರಿ ಎಳೆದು ಅದರ ಮೇಲೆ ಸೀರೆ ಒಣಗಹಾಕುತ್ತಿದ್ದಳು.

"ಏನಕ್ಕಾ, ಸಗಣಿಗೆ ಬಂಗಲೆ ಕಟ್ಬುಟ್ಟೆ? ನಮಗೂ ಒಂದು ರೂಮು ಬಾಡಿಗೆಗೆ ಕೊಡು."

"ನಿನ್ನ ಬಾಯಿ ತೊಳ್ಕೊಂಡು ಬಾ, ಆಮೇಲೆ ಕೊಡ್ತೀನಿ" ಎಂದೆ. ಒಳಗೊಳಗೇ ಹೆಮ್ಮೆಯೂ ಇತ್ತು. ಸರ್ಕಾರ ಹೇಳಿದಂತೆ ಮಾಡಿದವಳು ಆ ಕೆರೆಯ ಸುತ್ತ ನಾನೊಬ್ಬಳೇ.

ಮರುವರ್ಷ ಅನುಮತಿ ಕೊಡುವ ಕಚೇರಿಯವರು ಜಾಗ ನೋಡಲು ಬಂದರು. ಇವರು ಬೇರೆ ಇಲಾಖೆ. ಬಂದವನು ಮಡಿಗಳ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ತಿಪ್ಪೆಯ ತೊಟ್ಟಿಯ ಹತ್ತಿರ ಹೋಗಿ ನಿಂತು ತಮಿಳಿನಲ್ಲಿ ಶುರು ಮಾಡಿದ.

"ನೆಲ ಇದೆ, ಗೋಡೆ ಇದೆ, ಮೇಲೆ ಶೀಟ್ ಇದೆ. ಇದು ಕಟ್ಟಡ ಅಲ್ಲದೆ ಇನ್ನೇನು ಪಾಟಿ?"

ಪಾಟಿ ಅಂದರೆ ಅಜ್ಜಿ. ನಾನೂ ತಮಿಳಿನಲ್ಲೇ ಹೇಳಿದೆ, "ಹಾಗಾದರೆ ಇವತ್ತು ಒಂದು ರಾತ್ರಿ ಒಳಗೆ ಮಲಗಿ ನೋಡಿ ಸಾರ್."

ಜೊತೆಯವರು ನಕ್ಕರು. ಅವನು ನಗಲಿಲ್ಲ. ಕಟ್ಟಡ ಕಟ್ಟಿದ್ದಕ್ಕೆ ಅನುಮತಿ ರದ್ದು, ಜಾಗ ಬಿಡಬೇಕು ಎಂದ. ಓರಗಿತ್ತಿಯ ಸೀರೆ ಒಣಗುತ್ತಿದ್ದ ಕಡೆ ನೋಡಿ, ಇಲ್ಲಿ ಏನೂ ಇಲ್ಲ ಎಂದು ಅವಳ ಅನುಮತಿಯನ್ನು ಮುಂದುವರಿಸಿದ.

ನಾನು ಬಸ್ಸು ಹತ್ತಿ ಗಿಂಡಿ ಅನ್ನುವ ಜಾಗಕ್ಕೆ ಹೋದೆ. ಕನ್ನಡದವನ ಕಚೇರಿ ಅಲ್ಲಿತ್ತು. ದೊಡ್ಡ ಹಾಲು, ಮೇಜಿಗೊಬ್ಬರು. ಅವನ ಮುಂದೆ ನಿಂತು ಹೇಳಿದೆ:

"ಸಾರ್, ನೀವು ಹೇಳಿದ್ದಕ್ಕೇ ಕಟ್ಸಿದ್ದು. ಅವರಿಗೆ ಫೋನ್ ಮಾಡಿ ಒಂದು ಮಾತು ಹೇಳಿ. ನಾನು ಹೇಳಿದ್ದೆ ಅನ್ನಿ, ಸಾಕು."

ಅವನು ಪಕ್ಕದ ಮೇಜಿನವನನ್ನು ನೋಡಿದ. ಆಮೇಲೆ ನನಗೆ ತಮಿಳಿನಲ್ಲಿ ಉತ್ತರ ಕೊಟ್ಟ. ನಾವು ಸಲಹೆ ಮಾತ್ರ ಕೊಡುವವರು, ಜಾಗದ ನಿಯಮ ನೋಡಿಕೊಳ್ಳಬೇಕಾದವರು ನೀವೇ, ಅಂತ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ. ನಾನು ಯಾರೋ ಅವನು ಯಾರೋ ಎನ್ನುವ ಹಾಗೆ.

ಮೆಟ್ಟಿಲು ಇಳಿಯುವಾಗ ಹಿಂದೆ ಓಡಿ ಬಂದ. "ತಪ್ಪು ತಿಳ್ಕೋಬೇಡಿ ಮಾ. ಮೇಲಿನವರು ಇದ್ರು. ನನಗೂ ಸಂಸಾರ ಇದೆ."

"ಅಲ್ಲಿ ಆಡಬೇಕಾದ ಮಾತನ್ನ ಮೆಟ್ಟಿಲ ಮೇಲೆ ಆಡ್ತಾ ಇದೀಯ" ಎಂದೆ. ಸಾರ್ ಅನ್ನಲಿಲ್ಲ.

ತೊಟ್ಟಿ ಒಡೆಯಲು ಯಂತ್ರ ಬಂದ ದಿನ ಮೇಸ್ತ್ರಿ ಒಬ್ಬ ಬಂದು, ಒಳಗಿನ ಗೊಬ್ಬರ ಎತ್ತಿಕೋ ಪಾಟಿ, ಆಮೇಲೆ ಒಡೆಯುತ್ತೇವೆ ಎಂದ. ಎತ್ತಿ ಯಾವ ಮಡಿಗೆ ಹಾಕಲಿ? ನಾನು ಕದಲಲಿಲ್ಲ. ಅವರು ಕಾದು ನೋಡಿ ಶೀಟು ಕಿತ್ತರು, ಗೋಡೆ ಒಡೆದರು. ಒಂದು ವರ್ಷ ಕಳಿತ ಗೊಬ್ಬರ, ಕಾಫಿಪುಡಿಯ ಹಾಗೆ ಇತ್ತು. ಇಟ್ಟಿಗೆ, ಸಿಮೆಂಟು, ಗೊಬ್ಬರ ಎಲ್ಲವನ್ನೂ ಯಂತ್ರ ಒಟ್ಟಿಗೆ ತಳ್ಳಿಕೊಂಡು ಹೋಗಿ ಇಳಿಜಾರಿನಲ್ಲಿ ಕೆರೆಯ ನೀರಿಗೆ ಸುರಿಯಿತು. ನೀರು ದಡದಿಂದ ಒಳಗೊಳಗೆ ಕಂದಾಗುತ್ತಾ ಹೋಯಿತು. ಮೇಸ್ತ್ರಿ ಬೀಡಿ ಹಚ್ಚಿದ. ನಾನು ಹಸುಗಳನ್ನು ಬಿಚ್ಚಿಕೊಂಡು ರಸ್ತೆಗೆ ಹತ್ತಿದೆ.