ಖಡಕ್ ರೊಟ್ಟಿಯ ಗಂಟು

ನಮ್ಮ ಮನೆಯಲ್ಲಿ ಕ್ಯಾನ್ಸರ್ ಎಂಬ ಮಾತನ್ನು ಯಾರೂ ಆಡುವುದಿಲ್ಲ. ಅತ್ತೆ ಅದನ್ನು 'ಆ ಬ್ಯಾನಿ' ಎನ್ನುತ್ತಾರೆ. ನಮ್ಮ ಯಜಮಾನರು 'ಆವಾಗ' ಎಂದಷ್ಟೇ ಹೇಳಿ ಮುಂದೆ ಸಾಗುತ್ತಾರೆ. ಎದೆಯೊಂದನ್ನು ತೆಗೆಸಿಕೊಂಡು ಬಂದವಳು ನಾನು, ಆ ಹೆಸರಿಗೆ ಹೆದರುವವರು ಅವರು. ಒಮ್ಮೊಮ್ಮೆ ಸಿಟ್ಟು ಬಂದು, ಊಟಕ್ಕೆ ಕೂತಾಗ ಬೇಕೆಂದೇ ಆ ಹೆಸರು ಎತ್ತುತ್ತೇನೆ. ಎಲ್ಲರೂ ತಾಟಿನೊಳಗೆ ಮುಖ ಹಾಕುತ್ತಾರೆ.

ಆಪರೇಷನ್‌ಗೆ ಸೊಲ್ಲಾಪುರಕ್ಕೆ ಹೊರಡುವ ಮೊದಲು ಅತ್ತೆ ಮೋರಟಗಿಯಿಂದ ತಮ್ಮ ತಂಗಿಯನ್ನು ಕರೆಸಿಕೊಂಡು ಇಡೀ ದಿನ ಜೋಳದ ರೊಟ್ಟಿ ಬಡಿದಿದ್ದರು. ಮುಟ್ಟಿದರೆ ಮುರಿಯುವಂತೆ ಒಣಗಿಸಿ, ಬಿಳಿ ಧೋತರದಲ್ಲಿ ಗಂಟು ಕಟ್ಟಿದ್ದರು. ಆಸ್ಪತ್ರೆಯಲ್ಲಿ ನನ್ನನ್ನು ಕಾಯಲು ಕೂತವರೆಲ್ಲ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ಅದನ್ನೇ ತಿಂದರು. ಆಮೇಲೆ ಕಿಮೋದಿಂದ ನನ್ನ ಬಾಯೆಲ್ಲ ಹುಣ್ಣಾಯಿತು. ಅಂದಿನಿಂದ ಅತ್ತೆ ಖಡಕ್ ರೊಟ್ಟಿ ಮಾಡುವುದನ್ನೇ ಬಿಟ್ಟರು. ಸೊಸೆ ತಿನ್ನಲಾರದ್ದು ಮನೆಯಲ್ಲಿ ಯಾಕಿರಬೇಕು ಎಂಬ ಹಠ. ದಿನವೂ ಬಿಸಿ ರೊಟ್ಟಿಯೇ.

ಬಾಯಿ ಎಂದೋ ವಾಸಿಯಾಯಿತು, ಮನಸ್ಸು ಆಗಲಿಲ್ಲ. ಬೆನ್ನು ಹಿಡಿದರೆ, ಕೆಮ್ಮು ಬಂದರೆ, ಸೆರಗು ಸರಿಮಾಡಿಕೊಳ್ಳುವಾಗ ಕೈ ಕಂಕುಳಿಗೆ ತಾಗಿದರೆ ಸಾಕು, ಮತ್ತೆ ಬಂತು ಅನಿಸುತ್ತದೆ. ಆಲಮೇಲದ ಶಾಲೆಯಲ್ಲಿ ಪಾಠ ಮಾಡುತ್ತಲೇ ಬೋರ್ಡಿನ ಕಡೆ ತಿರುಗಿ ಕುತ್ತಿಗೆ ಒತ್ತಿ ನೋಡಿಕೊಳ್ಳುತ್ತೇನೆ. ಸತ್ತರೂ ಸರಿ, ಈ ಕಾಯುವುದು ಬೇಡ ಅನಿಸುವ ದಿನಗಳಿವೆ.

ಈ ಸಲ ಸೊಲ್ಲಾಪುರದ ತಪಾಸಣೆಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕೂರಿಸಿ ಯಜಮಾನರನ್ನಷ್ಟೇ ಒಳಗೆ ಕರೆದರು. ಹೊರಬಂದವರು ನನ್ನ ಮುಖ ನೋಡದೆ ಚಪ್ಪಲಿ ಹುಡುಕಿದರು.

"ಏನ್ ಹೇಳಿದ್ರು ಡಾಕ್ಟರು?"

"ಎಲ್ಲಾ ಚಲೋ ಐತಂತ. ನಡಿ, ಬಸ್ ತಪ್ತೈತಿ."

ಸಿಂದಗಿ ಬರುವವರೆಗೂ ತೊಗರಿ, ಮಳೆ, ಬಸ್ಸಿನ ಡ್ರೈವರು ಎಂದು ಮಾತಾಡುತ್ತಲೇ ಇದ್ದರು. ಕೇಳಿದ್ದಕ್ಕೂ ಸರಿಯಾಗಿ ಉತ್ತರ ಕೊಡದ ಮನುಷ್ಯ ಅವರು. ಆದರೂ ನಂಬಿದೆ. ನನಗೆ ನಂಬುವುದು ಬೇಕಾಗಿತ್ತು.

ಮುಂದಿನ ಶನಿವಾರ ಬೆಳಗಿನ ಶಾಲೆ ಮುಗಿಸಿ ಸಿಂದಗಿಯಲ್ಲಿ ಬಸ್ಸಿಳಿದೆ. ನಮ್ಮ ಓಣಿಗೆ ತಿರುಗಿದಾಗ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಎಲ್ಲರೂ ಉಂಡು ಅಡ್ಡಾಗುವ ಹೊತ್ತು ಅದು. ನಮ್ಮ ಮನೆಯದಾಗಿರದಿರಲಿ ಎಂದುಕೊಂಡೆ. ನಡೆದಷ್ಟೂ ಸಪ್ಪಳ ಹತ್ತಿರವಾಯಿತು. ಹೊಸ್ತಿಲ ಬಳಿ ಮೋರಟಗಿಯ ಸಣ್ಣತ್ತೆಯ ಚಪ್ಪಲಿಗಳಿದ್ದವು.

ಒಳಗೆ ಅಕ್ಕತಂಗಿಯರು ಒಲೆಯ ಮುಂದೆ ಕೂತಿದ್ದರು. ಗೋಡೆಗುಂಟ ರೊಟ್ಟಿಗಳನ್ನು ಆನಿಸಿ ಒಣಗಲು ಇಟ್ಟಿದ್ದರು. ಪಕ್ಕದಲ್ಲಿ ಮಡಿಚಿದ ಬಿಳಿ ಧೋತರ.

"ಇಷ್ಟ್ ರೊಟ್ಟಿ ಯಾಕ್ರಿ ಅತ್ತಿ?"

"ಸುಮ್ನ ಯವ್ವಾ. ಹಿಟ್ಟು ಕೆಡಾಕತ್ತಿತ್ತು. ನೀ ಕೈಕಾಲು ತೊಳಕೋ ಹೋಗು."

ಅತ್ತೆ ತಲೆ ಎತ್ತಲಿಲ್ಲ. ಸಣ್ಣತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಹೊಗಿ ಬಾಳ ಆಗೇತಿ," ಅಂದರು. ಒಲೆ ಗ್ಯಾಸಿನದು.

ಅಲ್ಲೇ ರೊಟ್ಟಿಗಳ ಪಕ್ಕ ಕೂತೆ. ಅವರೆಲ್ಲರ ಮೇಲೂ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡೆ.

"ಇನ್ನಷ್ಟು ಬಡೀರಿ ಅತ್ತಿ," ಎಂದೆ. "ಹೋದ ಸಲ ಸೊಲ್ಲಾಪುರದಾಗ ಕಡಿಮಿ ಬಿದ್ದಿದ್ವು."

ಅತ್ತೆಯ ಕೈ ಹಿಟ್ಟಿನ ಮೇಲೆ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಮೂವರಲ್ಲಿ ಯಾರೂ ಅದನ್ನು ತಿರುವಿ ಹಾಕಲಿಲ್ಲ.