ಫೋನಿನಲ್ಲಿ ಎರಡೂವರೆ ತಾಸು

ನಾಸಿಕದಲ್ಲಿ ತಮ್ಮನ ಗೃಹಪ್ರವೇಶ ಮುಗಿಸಿ ಛತ್ರಪತಿ ಸಂಭಾಜಿನಗರದ ನಮ್ಮ ಮನೆಗೆ ಬರುವಾಗ ಬಸ್ಸಿನಲ್ಲಿ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಇಡೀ ದಾರಿ ಏಳಲೇ ಇಲ್ಲ. ಮರುದಿನ ಕಾಲು ಬಾತು ಕಾಲಿನ ಚೈನು ಚರ್ಮದೊಳಗೆ ಹೂತಿತ್ತು. ಡಾಪ್ಲರ್ ಸ್ಕ್ಯಾನ್ ಮಾಡಿದರು.

ರಕ್ತ ಹೆಪ್ಪುಗಟ್ಟಿದೆ ಎಂದರು.

ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯವಂತೆ. ಇಂಜೆಕ್ಷನ್, ಆಮೇಲೆ ಮಾತ್ರೆ, ಬಿಗಿಯಾದ ಸ್ಟಾಕಿಂಗ್ಸ್. ಅಡುಗೆಮನೆ ಗಂಡನ ಕೈಗೆ ಹೋಯಿತು. ಅವರದು ಬೀದರಿನ ಬಟ್ಟೆ ವ್ಯಾಪಾರಿಗಳ ಮನೆತನ. ಅಲ್ಲಿಯವರೆಗೆ ಅವರು ಅಳೆದದ್ದು ಬಟ್ಟೆಯನ್ನು ಮಾತ್ರ, ಉಪ್ಪನ್ನಲ್ಲ.

ನನ್ನ ಚಿಂತೆ ಬೇರೆ ಇತ್ತು. ಮಗಳು ಪಲ್ಲವಿ ಗುವಾಹಟಿಯ ಹತ್ತಿರ ಅರೆಸೇನಾ ಪಡೆಯ ಅಧಿಕಾರಿ ತರಬೇತಿಯಲ್ಲಿದ್ದಳು. ಮೂರು ತಿಂಗಳಲ್ಲಿ ಅದು ಮುಗಿಯುವುದಿತ್ತು. ಕೊನೆಯ ದಿನ ಹೆಗಲಿಗೆ ನಕ್ಷತ್ರ ಹಚ್ಚುವವರು ತಂದೆ-ತಾಯಿ. ಆ ಹೆಗಲಿಗೆ ನನ್ನ ಕೈ ಮುಟ್ಟಬೇಕಿತ್ತು.

ಗಂಡ ಫೋನಿನಲ್ಲಿ ಹುಡುಕಿ ಹಿಗ್ಗಿದರು. "ಇಲ್ಲಿಂದ ಗುವಾಹಟಿ ಸಾವಿರದ ಎಂಟುನೂರು ಕಿಲೋಮೀಟರ್ ಅದ. ವಿಮಾನದಾಗ ಬರೀ ಎರಡೂವರಿ ತಾಸು. ನಾಸಿಕ್ ಬಸ್ಸಿಗಿಂತ ಕಡಿಮಿ ನೋಡು."

ಡಾಕ್ಟರಿಗೂ ಅದನ್ನೇ ಹೇಳಿದರು. ಆಕೆ ನಕ್ಕು ಮರಾಠಿಯಲ್ಲಿ ಕೇಳಿದರು: "ಅದು ನಕಾಶೆಯ ಮೇಲೆ ಗೆರೆ ಎಳೆದ ಲೆಕ್ಕ. ನೇರ ವಿಮಾನ ಇದೆಯೇ?"

ಇರಲಿಲ್ಲ. ದಿಲ್ಲಿಯಲ್ಲಿ ಇಳಿದು, ಕಾದು, ಇನ್ನೊಂದನ್ನು ಹತ್ತಬೇಕು. ಇಡೀ ದಿನ ಕುಳಿತೇ ಇರುವ ಪ್ರಯಾಣ.

ಹಾಗಾದರೆ ನಾನು ಹೋಗುವಂತಿಲ್ಲವೇ ಎಂದು ಕೇಳಿದೆ.

"ಬೇಡ ಎನ್ನುತ್ತಿಲ್ಲ," ಎಂದರು ಡಾಕ್ಟರ್. "ಸ್ಕ್ಯಾನ್ ಚೆನ್ನಾಗಿ ಬರಲಿ. ಮಾತ್ರೆ ತಪ್ಪಬಾರದು. ಆಗಾಗ ಎದ್ದು ನಡೆಯುವುದು ರೂಢಿಯಾಗಲಿ."

ಹೀಗೆ ನಮ್ಮ ಪಡಸಾಲೆಯೇ ವಿಮಾನವಾಯಿತು. ಕುರ್ಚಿಗಳ ಸಾಲು, ಮಗಳ ಹಳೆಯ ದುಪಟ್ಟಾವೇ ಸೀಟ್ ಬೆಲ್ಟ್. ಗಂಡ ತಾಟಿನಲ್ಲಿ ನೀರಿನ ಲೋಟ ಇಟ್ಟುಕೊಂಡು ಬರುವರು. "ಮೇಡಂ, ನೀರ್ ಕುಡೀರಿ. ಈಗ ಏಳ್ರಿ. ನಡೀರಿ."

"ನಡೀತೀನ್ರಿ ಪೈಲಟ್ ಸಾಹೇಬ್ರ. ಮೊದ್ಲು ಒಳಗ ಹೋಗ್ರಿ, ಪಲ್ಯಾ ಹೊತ್ತಿದ ವಾಸನಿ ಬರ್ಲಾಕತ್ತದ."

ಪಕ್ಕದ ಮನೆಯ ಮರಾಠಿ ಹೆಂಗಸು, ನಾವು ಮಾವಶಿ ಎನ್ನುವವರು, ಇಣುಕಿ, ಇವತ್ತು ಯಾವ ಊರಿಗೆ ಎಂದು ಕೆಣಕುವರು. ನಗಲಿ ಬಿಡಿ. ಹಾಗೆ ನಡೆದು ನಡೆದೇ ಬಾವು ಇಳಿಯಿತು, ಸ್ಕ್ಯಾನ್ ಕೂಡ ಸಮಾಧಾನ ತಂದಿತು. ಎರಡೂ ವಿಮಾನಗಳಲ್ಲಿ ಸೀಟುಗಳ ನಡುವೆ ನಾನು ನಡೆದ ಠೀವಿ ನೋಡಬೇಕಿತ್ತು. ನಮ್ಮ ಮನೆಯದೇ ಪಡಸಾಲೆ ಎಂಬಂತೆ.

ಮಾತ್ರೆ ಇನ್ನೂ ನಡೆದಿದೆ. ಸಂಜೆಗೆ ಕಾಲು ಭಾರವಾಗುತ್ತದೆ. ರಕ್ತ ಮತ್ತೆ ಹೆಪ್ಪುಗಟ್ಟುವುದಿಲ್ಲ ಎಂದು ಯಾರೂ ಮಾತು ಕೊಟ್ಟಿಲ್ಲ. ಆದರೂ ನಕ್ಷತ್ರ ಹಚ್ಚಿದ ಆ ದಿನ ನನ್ನದು.

ಕವಾಯತಿಗೆ ಬಂದ ತಾಯಂದಿರೆಲ್ಲ ಕುರ್ಚಿಯಲ್ಲಿ ಕುಳಿತು ನೋಡಿದರು. ನಾನು ಹಿಂದಿನ ಸಾಲಿನಾಚೆ ಅಡ್ಡಾಡುತ್ತಲೇ ನೋಡಿದೆ. ನಕ್ಷತ್ರ ಹಚ್ಚುವ ಹೊತ್ತಿಗೆ ಎತ್ತರದ ಮಗಳು ನನಗಾಗಿ ಹೆಗಲು ತಗ್ಗಿಸಿದಳು. ಕಣ್ಣು ಮಾತ್ರ ನನ್ನ ಸ್ಟಾಕಿಂಗ್ಸಿನ ಮೇಲೆ.

"ಮಮ್ಮಿ, ನಿನ್ನ ಪಾಯ್... ಕಾಲು ಬರೋಬರ್ ಅದ?" ಎಂದಳು, ತನ್ನ ಅರ್ಧ ಮರಾಠಿ ಕನ್ನಡದಲ್ಲಿ.

"ಇಲ್ಲೀತನಕ ತಂದದಲ್ಲ ನನ್ನವ್ವಾ," ಎಂದೆ. "ನೆಟ್ಟಗ ನಿಂದ್ರು."